ತವರಿಗೆ ಹೊರಟ ಕುದುರೆಯಿಲ್ಲದ ಬಂಡಿ

ಶಾಲೆಗೆ ರಜೆ ಬಂದೊಡನೆ ಮಕ್ಕಳನ್ನು ಕರೆದುಕೊಂಡು ತಾಯಿ ತವರಿಗೆ ಹೊರಡುವುದು ಯಾವ ದೇಶದಲ್ಲಿಯೂ ಹೊಸ ಸಂಗತಿಯಲ್ಲ. ಬುತ್ತಿ ಕಟ್ಟುವುದು, ಮನೆಯ ಯಜಮಾನನಿಗೆ ನಾಲ್ಕು ದಿನದ ಊಟದ ಏರ್ಪಾಡನ್ನು ಹೇಳಿ ಹೋಗುವುದು, ರೈಲಿಗೆ ಹೊತ್ತಾಯಿತೆಂದು ಅವಸರಪಡುವುದು, ಇವೆಲ್ಲ ಮನೆಮನೆಯ ಕತೆ. ಆದರೆ ೧೮೮೮ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ನಸುಕಿನಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಿಂದ ಇಬ್ಬರು ಗಂಡುಮಕ್ಕಳೊಡನೆ ತವರೂರಿಗೆ ಹೊರಟ ಒಬ್ಬ ಗೃಹಿಣಿ ರೈಲು ನಿಲ್ದಾಣದ ಕಡೆಗೆ ಹೆಜ್ಜೆಯಿಡಲಿಲ್ಲ. ಗಂಡನು ಇನ್ನೂ ನಿದ್ರೆಯಲ್ಲಿದ್ದಾಗಲೇ ಆಕೆ ಮಕ್ಕಳನ್ನು ಎಬ್ಬಿಸಿ, ಗಂಡನ ಕಾರ್ಖಾನೆಯ ಕೊಟ್ಟಿಗೆಯಿಂದ ಮೂರು ಚಕ್ರದ ಒಂದು ವಿಚಿತ್ರ ಬಂಡಿಯನ್ನು ಹೊರಗೆಳೆದಳು. ಅದಕ್ಕೆ ಕುದುರೆಯಿರಲಿಲ್ಲ, ಕುದುರೆಯನ್ನು ಹೂಡಲು ಮೂಕಿಯೂ ಇರಲಿಲ್ಲ. ಯಂತ್ರದ ಸದ್ದಿಗೆ ಯಜಮಾನನು ಎಚ್ಚರಗೊಳ್ಳದಿರಲೆಂದು ಮೂವರೂ ಅದನ್ನು ಸದ್ದಿಲ್ಲದೆ ಬೀದಿಯವರೆಗೆ ತಳ್ಳಿಕೊಂಡು ಹೋದರಂತೆ. ಮನೆಯಲ್ಲಿ ಒಂದು ಚೀಟಿಯನ್ನು ಮಾತ್ರ ಬರೆದಿಟ್ಟಿದ್ದಳು. ಫೋರ್ಟ್ಸ್‌ಹೈಮಿಗೆ ಹೋಗುತ್ತಿದ್ದೇವೆ ಎಂಬುದಷ್ಟೇ ಅದರಲ್ಲಿದ್ದ ಸಮಾಚಾರ. ಯಾವುದರಲ್ಲಿ ಎಂಬುದನ್ನು ಬರೆದಿರಲಿಲ್ಲ.

ಆಕೆಯ ಹೆಸರು ಬರ್ತಾ ಬೆಂಜ್. ವಯಸ್ಸು ಮೂವತ್ತೊಂಬತ್ತು. ಹಿರಿಯ ಮಗ ಓಯ್ಗೆನ್ ಹದಿನೈದು ವರ್ಷದವನು. ಕಿರಿಯವನಾದ ರಿಚರ್ಡ್ ಹದಿನಾಲ್ಕಕ್ಕೆ ಕಾಲಿಡುವುದರಲ್ಲಿದ್ದನು. ಕ್ಲಾರಾ ಮತ್ತು ಥಿಲ್ಡೆ ಎಂಬ ಇಬ್ಬರು ಹೆಣ್ಣುಮಕ್ಕಳು ಈ ಪಯಣದಲ್ಲಿ ಜೊತೆಗಿರಲಿಲ್ಲ. ಇಂದು ಬೆಂಜ್ ಎಂಬ ಹೆಸರನ್ನು ಕೇಳದವರು ವಿರಳ. ೧೯೯೬ರಿಂದೀಚೆಗೆ ಆ ಹೆಸರಿನ ಸಂಶೋಧನಾ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲಿಯೂ ನಡೆಯುತ್ತಿದೆ. ಆದರೆ ಆ ಬೆಳಗ್ಗೆ ಅದು ಸಾಲಕ್ಕೂ ಸೋಲಿಗೂ ಹತ್ತಿರವಾಗಿದ್ದ ಒಬ್ಬ ಯಂತ್ರಶಿಲ್ಪಿಯ ಹೆಸರು ಮಾತ್ರವಾಗಿದ್ದಿತು.

ಫೋರ್ಟ್ಸ್‌ಹೈಮಿನ ಸ್ಥಿತಿವಂತ ಬಡಗಿ ಗುತ್ತಿಗೆದಾರನಾದ ಕಾರ್ಲ್ ಫ್ರೀಡ್ರಿಖ್ ರಿಂಗರ್ ಎಂಬಾತನ ಮಗಳಾಗಿ ಬರ್ತಾ ಹುಟ್ಟಿದ್ದು ೧೮೪೯ರ ಮೇ ೩ರಂದು. ಆಕೆ ಹುಟ್ಟಿದಾಗ ಮನೆಯ ಬೈಬಲಿನ ಹಾಳೆಯಲ್ಲಿ, ಈ ಸಲವೂ ಹೆಣ್ಣಾಯಿತಲ್ಲ ಎಂಬ ಕೊರಗಿನ ಮಾತನ್ನು ಬರೆದಿಟ್ಟಿದ್ದರೆಂದೂ, ದೊಡ್ಡವಳಾದ ಹುಡುಗಿ ಅದನ್ನು ಕಣ್ಣಾರೆ ಓದಿದಳೆಂದೂ ಹೇಳುತ್ತಾರೆ. ಹೆಣ್ಣು ಹುಟ್ಟಿದ ಮನೆಯಲ್ಲಿ ನಿಟ್ಟುಸಿರು ಬಿಡುವ ವಾಡಿಕೆ ನಮ್ಮ ನಾಡಿನದೊಂದೇ ಅಲ್ಲ. ಆದರೂ ಓದುಬರಹವನ್ನು ಕಲಿಸಿದರು. ಯಂತ್ರಗಳ ಕಡೆಗೆ ಆಕೆಯ ಮನಸ್ಸು ತಾನಾಗಿಯೇ ಹರಿಯಿತು.

೧೮೬೯ರಲ್ಲಿ ಒಂದು ವಿಹಾರಕೂಟದವರು ಕುದುರೆಗಾಡಿ ಹೂಡಿಕೊಂಡು ಮೌಲ್‌ಬ್ರೋನ್ ಎಂಬ ಪುರಾತನ ಸನ್ಯಾಸಿಮಠವನ್ನು ನೋಡಲು ಹೊರಟಿದ್ದರು. ಬರ್ತಾ ತನ್ನ ತಾಯಿಯೊಡನೆ ಹೋಗಿದ್ದಳು. ಆ ಗಾಡಿಯಲ್ಲಿಯೇ ಆಕೆಗೆ ಕಾರ್ಲ್ ಬೆಂಜನ ಪರಿಚಯವಾಯಿತು. ಕೈಯಲ್ಲಿ ಕಾಸಿಲ್ಲದ, ತಲೆಯ ತುಂಬ ಕುದುರೆಯಿಲ್ಲದೆ ಓಡುವ ಬಂಡಿಯ ಕನಸನ್ನೇ ತುಂಬಿಕೊಂಡಿದ್ದ ತರುಣ ಆತ. ತಂದೆ ರೈಲು ಎಂಜಿನ್ ನಡೆಸುತ್ತಿದ್ದವನು. ಮಗನಿಗೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದನು. ವಿಧವೆಯಾದ ತಾಯಿ ಯೋಸೆಫೀನ್ ಕಷ್ಟಪಟ್ಟು ಅವನನ್ನು ಓದಿಸಿದ್ದಳು. ತಾಯಂದಿರ ಕೈಯಿಲ್ಲದೆ ಈ ಕತೆ ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ ಎಂಬುದನ್ನು ಗಮನಿಸಬೇಕು.

ಮದುವೆಗೆ ಮುನ್ನವೇ ಕಾರ್ಲನ ಪಾಲುಗಾರನೊಡನೆ ವಿರಸ ಹುಟ್ಟಿ ಕಾರ್ಯಾಗಾರ ಮುಳುಗುವ ಸ್ಥಿತಿಗೆ ಬಂದಿತು. ಬರ್ತಾ ತನ್ನ ವರದಕ್ಷಿಣೆಯ ಹಣದಲ್ಲೊಂದು ಭಾಗವನ್ನು ಮುಂಗಡವಾಗಿ ಪಡೆದು, ಆ ಪಾಲುಗಾರನ ಪಾಲನ್ನು ಕೊಂಡು, ಕಾರ್ಯಾಗಾರವನ್ನು ಉಳಿಸಿಕೊಟ್ಟಳು. ೧೮೭೨ರ ಜುಲೈ ೨೦ರಂದು ಮದುವೆಯಾಯಿತು. ಅಂದಿನ ಕಾನೂನಿನಲ್ಲೊಂದು ವಿಚಿತ್ರವಿತ್ತು. ಕನ್ಯೆಯಾಗಿದ್ದಾಗ ತನ್ನ ಹಣವನ್ನು ವ್ಯವಹಾರದಲ್ಲಿ ತೊಡಗಿಸುವ ಅಧಿಕಾರ ಅವಳಿಗಿದ್ದಿತು. ಹೆಂಡತಿಯಾದೊಡನೆ ಆ ಅಧಿಕಾರ ಗಂಡನ ಕೈಗೆ ಹೋಯಿತು. ಮುಂದೆ ಪೇಟೆಂಟು ಬಂದಾಗ ಅದರಲ್ಲಿ ಆಕೆಯ ಹೆಸರಿರಲಿಲ್ಲ.

೧೮೭೯ರ ವರ್ಷಾಂತ್ಯದ ರಾತ್ರಿ ಮೊದಲ ಬಾರಿಗೆ ಕಾರ್ಲನ ಯಂತ್ರ ನಿಲ್ಲದೆ ಓಡಿತು. ಊರೆಲ್ಲ ಹೊಸ ವರ್ಷದ ಗಂಟೆ ಬಾರಿಸುತ್ತಿರುವಾಗ ಗಂಡಹೆಂಡಿರಿಬ್ಬರೂ ಕಾರ್ಯಾಗಾರದಲ್ಲಿ ನಿಂತು ಆ ಯಂತ್ರದ ಗುಡುಗುಡು ಸದ್ದನ್ನು ಕೇಳುತ್ತಿದ್ದರು. ೧೮೮೬ರ ಜನವರಿ ೨೯ರಂದು ಮೋಟಾರು ಬಂಡಿಗಾಗಿ ಪೇಟೆಂಟಿನ ಅರ್ಜಿ ಸಲ್ಲಿಕೆಯಾಯಿತು. ಅದೇ ಜುಲೈ ೩ರಂದು ಮ್ಯಾನ್‌ಹೈಮಿನ ಬೀದಿಯಲ್ಲಿ ಬಂಡಿ ಜನರ ಮುಂದೆ ಓಡಿತು. ಓಡಿತು, ಸರಿ, ಕೊಳ್ಳುವವರು ಎಲ್ಲಿ? ಕುದುರೆಗಳು ಬೆದರುತ್ತವೆ ಎಂದರು ಕೆಲವರು. ಇಂಥ ಆಟಿಕೆಗೆ ಹಣ ಸುರಿಯುವ ಬದಲು ಕಾರ್ಖಾನೆಗಳಿಗೆ ಬೇಕಾದ ನಿಲುಯಂತ್ರಗಳನ್ನೇ ಮಾಡಿ ಮಾರಬಾರದೇ ಎಂದು ಪಾಲುಗಾರರು ಗೊಣಗಿದರು. ಕಾರ್ಲನಾದರೋ ಪರಿಪೂರ್ಣತೆಯ ಹುಚ್ಚಿನವನು. ಇನ್ನೊಂದು ತಿದ್ದುಪಡಿಯಾಗಲಿ, ಮತ್ತೊಂದು ಪರೀಕ್ಷೆಯಾಗಲಿ ಎಂದು ಬಂಡಿಯನ್ನು ಊರಿನ ಎಲ್ಲೆಯಲ್ಲಿಯೇ ಆಡಿಸುತ್ತಿದ್ದನು. ವಿದ್ವಾಂಸರಲ್ಲಿಯೂ ಇಂಥವರುಂಟು, ಗ್ರಂಥವನ್ನು ತಿದ್ದುತ್ತ ತಿದ್ದುತ್ತ ಅಚ್ಚಿಗೆ ಕಳುಹಿಸುವುದನ್ನೇ ಮರೆತವರು.

ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ ಆಗಲೇ ರೈಲಿತ್ತು. ಮ್ಯಾನ್‌ಹೈಮ್ ಮತ್ತು ಹೈಡೆಲ್‌ಬರ್ಗ್ ನಗರಗಳ ನಡುವೆ ೧೮೪೦ರಲ್ಲಿಯೇ ರೈಲು ಓಡತೊಡಗಿತ್ತು. ಆದುದರಿಂದ ಬರ್ತಾ ಹೊರಟದ್ದು ಬೇರೆ ಗತಿಯಿಲ್ಲದೆ ಅಲ್ಲ. ಈ ಬಂಡಿ ಊರ ಸುತ್ತ ತಿರುಗುವ ಆಟಿಕೆಯಲ್ಲ, ಒಂದು ಸಂಸಾರವನ್ನು ದೂರದ ಊರಿಗೆ ಕರೆದೊಯ್ಯಬಲ್ಲ ವಾಹನ ಎಂಬುದನ್ನು ಲೋಕಕ್ಕೆ ತೋರಿಸಬೇಕಾಗಿತ್ತು. ಲೋಕಕ್ಕಿಂತ ಮೊದಲು ಗಂಡನಿಗೇ ತೋರಿಸಬೇಕಾಗಿತ್ತು. ತೋರಿಸಲಾಗದೆ ದಾರಿಯಲ್ಲಿ ಬಂಡಿ ಮುರಿದು ಬಿದ್ದರೆ? ಆಗ ನಗುವವರಿಗೆ ಬರವಿರಲಿಲ್ಲ. ವರದಕ್ಷಿಣೆಯ ಹಣದೊಂದಿಗೆ ಹದಿನಾರು ವರ್ಷಗಳ ಸಂಸಾರದ ದುಡಿಮೆಯೂ ನೀರುಪಾಲಾಗುತ್ತಿತ್ತು. ಆಗಸ್ಟ್ ೧ರಂದು ಬಂಡಿಯನ್ನು ಓಡಿಸಿ ನೋಡಲು ಅಧಿಕಾರಿಗಳು ಪರವಾನೆ ಕೊಟ್ಟಿದ್ದರು. ಆದರೆ ಅದು ಕಾರ್ಲನ ಹೆಸರಿನಲ್ಲಿ. ಬರ್ತಾಳ ಹೆಸರಿನಲ್ಲಿ ಯಾವ ಕಾಗದವೂ ಇರಲಿಲ್ಲ.

ಬಂಡಿಯ ಸ್ವರೂಪವನ್ನು ಕೊಂಚ ವಿವರಿಸದಿದ್ದರೆ ಪಯಣದ ಕಷ್ಟ ತಿಳಿಯದು. ಅದು ಬೆಂಜನ ಮೂರನೆಯ ಮಾದರಿ. ಮುಂದೆ ಒಂದು ಚಕ್ರ, ಹಿಂದೆ ಎರಡು; ಮರದ ಅರೆಕಾಲುಗಳ ಚಕ್ರಗಳು. ಆಸನದ ಹಿಂಭಾಗದಲ್ಲಿ ಒಂದೇ ಉರುಳೆಯ ಯಂತ್ರ, ಎರಡೂವರೆ ಅಶ್ವಶಕ್ತಿಯನ್ನು ಮೀರದಂಥದು. ಹಿಂದಿದ್ದ ಭಾರಿ ಗಾಲಿಯನ್ನು ಕೈಯಿಂದ ತಿರುಗಿಸಿ ಅದನ್ನು ಹೊರಡಿಸಬೇಕು. ಯಂತ್ರದ ಬಲ ಪಟ್ಟಿಯ ಮೂಲಕ ಒಂದು ದಂಡಕ್ಕೂ, ಅಲ್ಲಿಂದ ಸರಪಣಿಗಳ ಮೂಲಕ ಹಿಂದಿನ ಚಕ್ರಗಳಿಗೂ ಹರಿಯುತ್ತಿತ್ತು. ತಿರುವುಗಳಲ್ಲಿ ಹಿಡಿದು ನಡೆಸಲು ಒಂದು ಹಿಡಿಕೆ. ವೇಗವೆಂದರೆ ಗಂಟೆಗೆ ಸುಮಾರು ೧೬ ಕಿಲೋಮೀಟರು. ಯಂತ್ರವನ್ನು ತಂಪಾಗಿಡುವ ನೀರು ಕುದಿದು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ಹೊಯ್ಯಬೇಕು. ಇಂಧನವೋ ನಾಲ್ಕೂವರೆ ಲೀಟರು ಹಿಡಿಯುವ ಪಾತ್ರೆಯಲ್ಲಿ ಇದ್ದಷ್ಟೇ. ಹೋಗಬೇಕಾದ ದೂರ ೧೦೪ ಕಿಲೋಮೀಟರು! ಅದುವರೆಗೆ ಮೋಟಾರು ಬಂಡಿಯಲ್ಲಿ ಇಷ್ಟು ದೂರ ಹೋದವರು ಲೋಕದಲ್ಲಿ ಯಾರೂ ಇರಲಿಲ್ಲ.

ಮ್ಯಾನ್‌ಹೈಮ್ ನಗರ ೧೬೦೬ರಲ್ಲಿ ಕೋಟೆಯಾಗಿ ಆರಂಭಗೊಂಡುದು. ಚದುರಂಗದ ಮಣೆಯಂತೆ ಚೌಕಚೌಕವಾಗಿ ಹಾಸಿದ ಅದರ ಹಳೆಯ ಭಾಗದಲ್ಲಿ ಇಂದಿಗೂ ವಿಳಾಸವೆಂದರೆ ಬೀದಿಯ ಹೆಸರಲ್ಲ, ಚೌಕದ ಅಕ್ಷರ ಮತ್ತು ಅಂಕಿ. ಷಿಲ್ಲರ್ ಕವಿಯ ಮೊದಲ ನಾಟಕ ೧೭೮೨ರಲ್ಲಿ ರಂಗಕ್ಕೆ ಬಂದದ್ದು ಇಲ್ಲಿ. ೧೮೧೭ರ ಜೂನ್ ೧೨ರಂದು ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಬಂಡಿಯ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಹೊರಟದ್ದೂ ಇದೇ ಊರಿನಿಂದ. ನಮ್ಮ ಬೈಸಿಕಲ್ಲಿನ ಮೂಲಪುರುಷ ಆ ಬಂಡಿ. ಚಕ್ರಗಳ ವಿಷಯದಲ್ಲಿ ಆ ಮಣ್ಣಿನಲ್ಲೇನೋ ಗುಣವಿದ್ದಿರಬೇಕು.

ನೆಕ್ಕಾರ್ ನದಿಯ ಬಯಲಿನಲ್ಲಿ ಮೊದಲ ಹಾದಿ ಸುಗಮವಾಗಿಯೇ ಸಾಗಿತು. ರೋಮನರ ಕಾಲದಲ್ಲಿ ಲೋಪೋಡೂನುಂ ಎನಿಸಿಕೊಂಡಿದ್ದ ಲಾಡೆನ್‌ಬುರ್ಗ್ ಊರು ಹಿಂದೆ ಸರಿಯಿತು. ಮುಂದೊಂದು ದಿನ ಇದೇ ಊರಿನಲ್ಲಿ ತಾನು ಮುಪ್ಪನ್ನು ಕಳೆಯಬೇಕಾಗಿದೆಯೆಂದು ಬರ್ತಾಳಿಗೆ ಆಗ ತಿಳಿಯುವಂತಿರಲಿಲ್ಲ. ಎಡಗಡೆಯಲ್ಲಿ ಬೆಟ್ಟಗಳ ಸಾಲು, ಮುಂದೆ ಹೈಡೆಲ್‌ಬರ್ಗ್.

ಹೈಡೆಲ್‌ಬರ್ಗಿನ ವಿಶ್ವವಿದ್ಯಾನಿಲಯ ೧೩೮೬ರಲ್ಲಿ ಸ್ಥಾಪಿತವಾದುದು. ನದಿಯ ಮೇಲಿನ ಕಲ್ಲಿನ ಸೇತುವೆಗೆ ಆ ವರ್ಷ ಸರಿಯಾಗಿ ನೂರು ತುಂಬಿತ್ತು. ಅದರ ಮೇಲೆ, ಬೆಟ್ಟದ ತೊಡೆಯಲ್ಲಿ, ಕೆಂಪು ಕಲ್ಲಿನ ಮಹಾ ಅರಮನೆಯ ಅವಶೇಷ. ಈ ಅರಮನೆ ಹಾಳಾದ ಬಗೆಯೂ ಒಬ್ಬ ಹೆಣ್ಣುಮಗಳ ತವರಿನ ಕತೆಯೇ. ಇಲ್ಲಿನ ಅರಸನು ತನ್ನ ಮಗಳು ಎಲಿಜಬೆತ್ ಷಾರ್ಲೊಟೆಯನ್ನು ೧೬೭೧ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ತಮ್ಮನಿಗೆ ಕೊಟ್ಟು ಮದುವೆ ಮಾಡಿದನು. ನಾಡಿಗೆ ನೆಮ್ಮದಿ ಬರಲೆಂದು ಮಾಡಿದ ಸಂಬಂಧ ಅದು. ತಂದೆಯೂ ಅಣ್ಣನೂ ತೀರಿಕೊಂಡ ಮೇಲೆ ಆಕೆಯ ಹೆಸರಿನಲ್ಲಿ ಪಿತ್ರಾರ್ಜಿತದ ಹಕ್ಕನ್ನು ಮುಂದೊಡ್ಡಿ ಲೂಯಿಯ ಸೈನ್ಯ ದಂಡೆತ್ತಿ ಬಂದಿತು. ೧೬೮೯ರಲ್ಲಿಯೂ ೧೬೯೩ರಲ್ಲಿಯೂ ಅರಮನೆಯನ್ನು ಸಿಡಿಸಿ ಸುಟ್ಟರು. ಮ್ಯಾನ್‌ಹೈಮೂ ಬೂದಿಯಾಯಿತು. ತನ್ನ ಹೆಸರಿನಲ್ಲಿಯೇ ತನ್ನ ತವರು ಉರಿಯುವುದನ್ನು ಆ ರಾಜಕುಮಾರಿ ಫ್ರಾನ್ಸಿನ ಅರಮನೆಯಲ್ಲಿ ಕುಳಿತು ಕೇಳಬೇಕಾಯಿತು. ಅಳಿದುಳಿದುದನ್ನು ದುರಸ್ತಿ ಮಾಡುತ್ತಿದ್ದಾಗ ೧೭೬೪ರಲ್ಲಿ ಸಿಡಿಲು ಬಡಿದು ಮತ್ತೆ ಬೆಂಕಿ ಹತ್ತಿತು. ಅರಮನೆಯ ನೆಲಮಾಳಿಗೆಯಲ್ಲಿ ಮಾತ್ರ ೧೭೫೧ರಲ್ಲಿ ಮಾಡಿದ ದ್ರಾಕ್ಷಾರಸದ ಮಹಾಪೀಪಾಯಿ ಇನ್ನೂ ಕುಳಿತಿದೆ. ಎರಡು ಲಕ್ಷ ಲೀಟರಿಗೂ ಮಿಗಿಲಾಗಿ ಹಿಡಿಯುತ್ತಿತ್ತಂತೆ. ಅರಸರ ದಾಹ ಹಾಗಿತ್ತು. ಅದರ ಬುಡದಲ್ಲಿ ಹಾದುಹೋಗುತ್ತಿದ್ದ ಈ ತಾಯಿಗಾದರೋ ಹತ್ತು ಲೀಟರು ಇಂಧನದ್ದೇ ಚಿಂತೆಯಾಗಿದ್ದಿತು.

ಹೈಡೆಲ್‌ಬರ್ಗಿನಿಂದ ತೆಂಕಣಕ್ಕೆ ತಿರುಗಿದ ಹಾದಿ ವೀಸ್‌ಲೋಖ್ ಎಂಬ ಸಣ್ಣ ಊರನ್ನು ಮುಟ್ಟುವ ವೇಳೆಗೆ ಪಾತ್ರೆ ಬರಿದಾಗುತ್ತ ಬಂದಿತ್ತು. ಪೆಟ್ರೋಲು ಮಾರುವ ಅಂಗಡಿ ಎಂಬುದು ಲೋಕದಲ್ಲಿ ಇನ್ನೂ ಹುಟ್ಟಿರಲಿಲ್ಲ. ಬೆಂಜನ ಯಂತ್ರಕ್ಕೆ ಬೇಕಾದುದು ಲಿಗ್ರೊಯಿನ್ ಎಂಬ ದ್ರವ. ಕಲ್ಲೆಣ್ಣೆಯಿಂದ ಬಟ್ಟಿಯಿಳಿಸಿದ ಈ ವಸ್ತುವನ್ನು ಜನರು ಬಟ್ಟೆಯ ಮೇಲಿನ ಜಿಡ್ಡಿನ ಕಲೆಯನ್ನು ತೆಗೆಯಲು ಬಳಸುತ್ತಿದ್ದರು. ಸಿಗುತ್ತಿದ್ದುದು ಔಷಧದ ಅಂಗಡಿಗಳಲ್ಲಿ. ಬರ್ತಾ ಬಂಡಿಯನ್ನು ವೀಸ್‌ಲೋಖಿನ ಔಷಧಾಲಯದ ಮುಂದೆ ನಿಲ್ಲಿಸಿದಳು. ಅಂಗಡಿಯ ವಿಲ್ಲಿ ಓಕೆಲ್ ಎಂಬ ಔಷಧ ವ್ಯಾಪಾರಿಯ ಮುಂದೆ ಧೂಳು ಮೆತ್ತಿದ ಉಡುಗೆಯ ಹೆಂಗಸೊಬ್ಬಳು ನಿಂತು ಹತ್ತು ಲೀಟರು ಲಿಗ್ರೊಯಿನ್ ಕೇಳಿದಾಗ ಆತನಿಗೆ ಏನೆನ್ನಿಸಿರಬೇಡ! ಒಂದು ಕಲೆಗೆ ಇಷ್ಟೆಲ್ಲ ಬೇಕೆ? ಹತ್ತು ಲೀಟರು ಇಟ್ಟುಕೊಳ್ಳುವ ಅಂಗಡಿಯೇ ಅದಾಗಿರಲಿಲ್ಲ. ಇದ್ದ ಎರಡು ಮೂರು ಲೀಟರನ್ನು ಆತ ಕೊಟ್ಟನು. ಆ ಔಷಧಾಲಯದ ಎದುರು ಇಂದು ಒಂದು ಸ್ಮಾರಕವಿದೆ. ಜಗತ್ತಿನ ಮೊತ್ತಮೊದಲ ಪೆಟ್ರೋಲು ಬಂಕು ಇದೇ ಎಂದು ಆ ಊರಿನವರು ಹೆಮ್ಮೆಪಡುತ್ತಾರೆ. ಪಾಪ, ಕೊಟ್ಟವನಿಗೂ ಕೊಂಡವಳಿಗೂ ಅಂದು ಅದರ ಅರಿವಿರಲಿಲ್ಲ.

ಈ ಪಯಣದಲ್ಲಿ ಓದುಗರ ಮನಸ್ಸನ್ನು ವಿಶೇಷವಾಗಿ ಸೆಳೆಯುವುದು ಬರ್ತಾ ಮಾಡಿದ ರಿಪೇರಿಗಳು. ಇಂಧನ ಹರಿಯುವ ಸಣ್ಣ ದಾರಿಯಲ್ಲಿ ಕಸ ಸಿಕ್ಕಿಕೊಂಡು ಯಂತ್ರ ಉಸಿರುಗಟ್ಟಿ ನಿಂತಿತು. ಮೆಕ್ಯಾನಿಕ್ಕನ್ನು ಎಲ್ಲಿಂದ ತರುವುದು? ಮೋಟಾರು ಬಂಡಿಯನ್ನು ರಿಪೇರಿ ಮಾಡುವ ಕಸುಬೇ ಇನ್ನೂ ಹುಟ್ಟಿರಲಿಲ್ಲ. ಬರ್ತಾ ತನ್ನ ಟೋಪಿಗೆ ಚುಚ್ಚಿದ್ದ ಉದ್ದನೆಯ ಸೂಜಿಯನ್ನು ಕಿತ್ತು ಕಸವನ್ನು ತೆಗೆದಳು. ಇನ್ನೊಂದೆಡೆ, ಕಿಡಿ ಹೊತ್ತಿಸುವ ವಿದ್ಯುತ್ತಿನ ತಂತಿಯ ಹೊದಿಕೆ ಉಜ್ಜಿ ಉಜ್ಜಿ ಹರಿದುಹೋಯಿತು. ವಿದ್ಯುತ್ತು ದಾರಿತಪ್ಪಿ ಕಿಡಿ ಹಾರದಾಯಿತು. ಆಕೆ ತನ್ನ ಕಾಲುಚೀಲವನ್ನು ಬಿಗಿದಿದ್ದ ಎಳೆಪಟ್ಟಿಯನ್ನೇ ತೆಗೆದು ತಂತಿಗೆ ಸುತ್ತಿದಳು. ಕುಶಲ ಯಂತ್ರಜ್ಞರು ಈ ಎರಡನ್ನೂ ಕೇಳಿ ಮುಗುಳ್ನಗಬಹುದು. ಆದರೆ ಯಾವ ಭಾಗ ಏಕೆ ಕೆಟ್ಟಿತೆಂಬುದನ್ನು ಅರಿಯದವರ ಕೈಗೆ ಸಾವಿರ ಸೂಜಿಯನ್ನು ಕೊಟ್ಟರೂ ಪ್ರಯೋಜನವಿಲ್ಲ. ಹತ್ತಾರು ವರ್ಷ ಗಂಡನ ಪಕ್ಕದಲ್ಲಿ ನಿಂತು ಪ್ರತಿಯೊಂದು ತಿರುಪನ್ನೂ ಬಲ್ಲವಳಾಗಿದ್ದುದರಿಂದಲೇ ಅವಳ ಮೈಮೇಲಿನ ಸಿಂಗಾರದ ವಸ್ತುಗಳು ಹತ್ಯಾರುಗಳಾದುವು.

ನೀರಿನ ಕೆಲಸ ಮಕ್ಕಳ ಪಾಲಿಗೆ. ಬಾವಿ ಸಿಕ್ಕಿದಲ್ಲಿ ಬಾವಿ, ಹಳ್ಳ ಸಿಕ್ಕಿದಲ್ಲಿ ಹಳ್ಳ, ಹೋಟೆಲು ಸಿಕ್ಕಿದಲ್ಲಿ ಹೋಟೆಲು. ಬಂಡಿ ನಿಂತಲ್ಲೆಲ್ಲ ಜನ ನೆರೆಯುತ್ತಿದ್ದರು.

ವೀಸ್‌ಲೋಖಿನ ಆಚೆಗೆ ಮಿಂಗೊಲ್ಸ್‌ಹೈಮ್ ಬರುತ್ತದೆ. ಮೂವತ್ತು ವರ್ಷಗಳ ಯುದ್ಧದಲ್ಲಿ, ೧೬೨೨ರ ಏಪ್ರಿಲಿನಲ್ಲಿ, ಎರಡು ಸೈನ್ಯಗಳು ಕೈಮಿಲಾಯಿಸಿದ ಊರು ಅದು. ಅಲ್ಲಿಂದ ಬ್ರುಖ್‌ಸಾಲ್. ಷ್ಪೈಯರಿನ ಪ್ರಭು-ಬಿಷಪ್ ಡಾಮಿಯಾನ್ ಹ್ಯೂಗೋ ೧೭೨೦ರಲ್ಲಿ ಕಟ್ಟಿಸಲು ತೊಡಗಿದ ಅರಮನೆ ಇಲ್ಲಿಯ ವೈಭವ. ಬಾಲ್ತಜಾರ್ ನೋಯ್‌ಮನ್ ಎಂಬ ಶಿಲ್ಪಿ ನಿರ್ಮಿಸಿದ ಅದರ ಮೆಟ್ಟಿಲಸಾಲೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನಮ್ಮ ಪ್ರಯಾಣಿಕರಿಗೆ ಅಂದು ಬೇಕಾಗಿದ್ದುದು ಅರಮನೆಯಲ್ಲ, ಕಮ್ಮಾರಸಾಲೆ. ಎಳೆತಕ್ಕೆ ಸಿಕ್ಕಿ ಸರಪಣಿಗಳು ಸಡಿಲಗೊಂಡಿದ್ದುವು. ಬ್ರುಖ್‌ಸಾಲಿನ ಕಮ್ಮಾರನೊಬ್ಬನು ಅವನ್ನು ಸರಿಪಡಿಸಿಕೊಟ್ಟನು. ಚರಿತ್ರೆ ಬಿಷಪ್ಪನ ಹೆಸರನ್ನು ಉಳಿಸಿಕೊಂಡಿದೆ. ಕಮ್ಮಾರನದು ಮಾತ್ರ ಜನರ ಬಾಯಿಗೆ ಬಂದಿಲ್ಲ.

ಡುರ್ಲಾಖ್ ಒಂದು ಕಾಲದಲ್ಲಿ ರಾಜಧಾನಿ. ಅಲ್ಲಿನ ಕಾರ್ಲ್ ವಿಲ್ಹೆಲ್ಮ್ ಎಂಬ ಪ್ರಭು ೧೭೧೫ರಲ್ಲಿ ಹತ್ತಿರದ ಕಾಡಿನ ನಡುವೆ ಕಾರ್ಲ್ಸ್‌ರೂಹೆ ಎಂಬ ಹೊಸ ನಗರಕ್ಕೆ ಅಸ್ತಿಭಾರ ಹಾಕಿದ ಮೇಲೆ ಹಳೆಯ ಊರು ಕಳೆಗುಂದಿತು. ಅಲ್ಲಿಯ ಗುಡ್ಡವನ್ನು ಹತ್ತಿಸುವ ಹಗ್ಗದ ರೈಲೊಂದು ಅದೇ ೧೮೮೮ರ ಮೇ ತಿಂಗಳಿನಲ್ಲಿ ಆರಂಭವಾಗಿತ್ತು. ಮೇಲಿನ ಡಬ್ಬಿಗೆ ನೀರು ತುಂಬಿಸಿದರೆ ಅದರ ಭಾರಕ್ಕೆ ಕೆಳಗಿನ ಡಬ್ಬಿ ಮೇಲೇರುವ ಯುಕ್ತಿ. ಬೆಟ್ಟವನ್ನು ಹತ್ತಿಸುವ ಅಂಥ ಉಪಾಯ ಬರ್ತಾಳಿಗೆ ಮುಂದಿನ ಒಂದೆರಡು ಗಂಟೆಗಳಲ್ಲಿ ಬಹಳವಾಗಿ ಬೇಕಾಯಿತು.

ಏಕೆಂದರೆ ಇಲ್ಲಿಗೆ ಬಯಲು ಮುಗಿಯುತ್ತದೆ. ರೈನ್ ನದಿಯ ಸಮನೆಲವನ್ನು ಬಿಟ್ಟು ಹಾದಿ ಕಪ್ಪುಕಾಡಿನ ಉತ್ತರದ ಏರುಗಳ ಕಡೆಗೆ ಹೊರಳುತ್ತದೆ. ವಿಲ್ಫರ್ಡಿಂಗೆನ್ ಸುತ್ತಿನ ಏರಿನಲ್ಲಿ ಯಂತ್ರ ಮುನ್ನಡೆಯಲಾರದೆ ಹೋಯಿತು. ಹಗುರನಾದ ರಿಚರ್ಡ್ ಹಿಡಿಕೆ ಹಿಡಿದು ಮೇಲೆ ಕುಳಿತನೆಂದೂ, ತಾಯಿಯೂ ಓಯ್ಗೆನನೂ ಕೆಳಗಿಳಿದು ಹಿಂದಿನಿಂದ ನೂಕಿದರೆಂದೂ ಹೇಳುತ್ತಾರೆ. ಆಗಸ್ಟಿನ ಬಿಸಿಲು, ಕಾಲಿಗೆ ತೊಡರುವ ಉದ್ದನೆಯ ನೆರಿಗೆಯ ಉಡುಪು, ಮುಂದೆ ಏರು, ಹಿಂದೆ ಜಾರಿದರೆ ಕಂದರ. ಹಳ್ಳಿಯ ಹುಡುಗರು ಬಂದು ಕೈಕೊಟ್ಟರು. ಏರು ಮುಗಿಯಿತೆಂದರೆ ಇಳಿಜಾರಿನ ಭಯ. ಬ್ರೇಕಿನ ಮರದ ತುಂಡು ಚಕ್ರಕ್ಕೆ ಉಜ್ಜಿ ಸವೆದು, ಹಿಡಿತ ತಪ್ಪುತ್ತಿತ್ತು. ಬೆನ್ನಲ್ಲಿ ಹೆತ್ತ ಮಕ್ಕಳನ್ನು ಕೂರಿಸಿಕೊಂಡು, ನಿಲ್ಲುವುದೋ ಇಲ್ಲವೋ ತಿಳಿಯದ ಬಂಡಿಯಲ್ಲಿ ಬೆಟ್ಟವಿಳಿಯುವ ತಾಯಿಯ ಎದೆ ಹೇಗೆ ಹೊಡೆದುಕೊಂಡಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಮುಸ್ಸಂಜೆಯ ವೇಳೆಗೆ ದೀಪವಿಲ್ಲದ ಆ ಬಂಡಿ ಫೋರ್ಟ್ಸ್‌ಹೈಮನ್ನು ಹೊಕ್ಕಿತು. ಮೂವರ ಮೈಮೇಲೂ ಧೂಳು ಮತ್ತು ಎಣ್ಣೆ. ಬರ್ತಾ ಮಾಡಿದ ಮೊದಲ ಕೆಲಸವೆಂದರೆ ಮ್ಯಾನ್‌ಹೈಮಿಗೆ ತಂತಿ ಕೊಟ್ಟುದು. ಕ್ಷೇಮವಾಗಿ ಬಂದು ಸೇರಿದ್ದೇವೆ! ಕಾರ್ಲನಿಗೆ ಆ ದಿನ ಹೇಗೆ ಕಳೆದಿರಬಹುದು? ಕೊಟ್ಟಿಗೆ ಬರಿದಾಗಿದ್ದುದನ್ನು ಕಂಡ ಮೇಲೆ ಚೀಟಿಯ ಅರ್ಥ ಅವನಿಗೆ ಹೊಳೆದಿರಲೇಬೇಕು. ಬಂಡಿ ಕೆಟ್ಟಿತೋ, ಉರುಳಿತೋ, ಹೆಂಡತಿಮಕ್ಕಳ ಗತಿಯೇನೋ ಎಂಬ ಕಳವಳ ಒಂದು ಕಡೆ. ಹೋಗಿ ಮುಟ್ಟಿದರೆ ಎಂಬ ಆಸೆ ಮತ್ತೊಂದು ಕಡೆ. ಮುಪ್ಪಿನಲ್ಲಿ, ೧೯೨೫ರಲ್ಲಿ, ಆತ ಬರೆದ ಆತ್ಮಕಥೆಯಲ್ಲಿ ಈ ಪಯಣವನ್ನು ವಿಸ್ತಾರವಾಗಿ ನೆನೆದಿದ್ದಾನೆ. ಜೀವನದ ಹಡಗು ಮುಳುಗಲಿದ್ದ ದಿನಗಳಲ್ಲಿ ತನ್ನೊಡನೆ ಉಳಿದವಳು ಹೆಂಡತಿಯೊಬ್ಬಳೇ ಎಂದು ಒಪ್ಪಿಕೊಂಡಿದ್ದಾನೆ.

ತವರಿನಲ್ಲಿ ಕೆಲವು ದಿನವಿದ್ದು ಮೂವರೂ ಬೇರೊಂದು ಹಾದಿಯಲ್ಲಿ ಹಿಂದಿರುಗಿದರು. ಈ ಹಾದಿ ಸುಮಾರು ೯೦ ಕಿಲೋಮೀಟರು, ಏರುಪೇರು ಕಡಮೆ. ಬೌಷ್‌ಲಾಟ್ ಎಂಬ ಹಳ್ಳಿಯಲ್ಲಿ ಬರ್ತಾ ಒಬ್ಬ ಚಮ್ಮಾರನನ್ನು ಕಂಡು, ಬ್ರೇಕಿನ ಮರದ ತುಂಡುಗಳಿಗೆ ತೊಗಲನ್ನು ಹೊಡೆಸಿದಳು. ಇಂದಿನ ಮೋಟಾರುಗಳಲ್ಲಿ ಬ್ರೇಕ್ ಲೈನಿಂಗ್ ಎಂದು ಕರೆಯುವ ಭಾಗದ ಮೂಲ ಆ ತೊಗಲಿನ ಚೂರಿನಲ್ಲಿದೆ. ಮುಂದೆ ಬ್ರೆಟೆನ್, ಲೂಥರನ ಬಲಗೈಯಂತಿದ್ದ ವಿದ್ವಾಂಸ ಮೆಲಾಂಕ್ತನ್ ೧೪೯೭ರಲ್ಲಿ ಹುಟ್ಟಿದ ಊರು. ಅಲ್ಲಿಂದ ತುಸು ದೂರದಲ್ಲಿಯೇ ಮೌಲ್‌ಬ್ರೋನ್ ಮಠ. ೧೧೪೭ರಲ್ಲಿ ಸ್ಥಾಪನೆಗೊಂಡ ಆ ಮಠದ ಶಾಲೆಯಲ್ಲಿಯೇ ಖಗೋಳಜ್ಞ ಕೆಪ್ಲರ್ ಬಾಲ್ಯದಲ್ಲಿ ಓದಿದ್ದನು. ಮುಂದೆ ತನ್ನ ತಾಯಿಯನ್ನು ಮಾಟಗಾತಿಯೆಂದು ನ್ಯಾಯಸ್ಥಾನಕ್ಕೆ ಎಳೆದಾಗ ಅವಳ ಪರವಾಗಿ ಹೋರಾಡಿ ಬಿಡಿಸಿಕೊಂಡ ಮಗ ಆತ. ಹತ್ತೊಂಬತ್ತು ವರ್ಷಗಳ ಹಿಂದೆ ಇದೇ ಸುತ್ತಿನಲ್ಲಿ ಕುದುರೆಗಾಡಿಯೊಳಗೆ ಒಬ್ಬ ತರುಣನ ಬಂಡಿಯ ಕನಸನ್ನು ಕೇಳಿಸಿಕೊಂಡಿದ್ದ ಬರ್ತಾ, ಈಗ ಅದೇ ಬಂಡಿಯಲ್ಲಿ, ಅವನ ಮಕ್ಕಳೊಡನೆ, ಆ ದಿಕ್ಕನ್ನು ದಾಟಿ ಹೋದಳು.

ಬ್ರುಖ್‌ಸಾಲನ್ನು ಮತ್ತೆ ಹಾದು ಹೊಕೆನ್‌ಹೈಮ್, ಅಲ್ಲಿಂದ ಷ್ವೆಟ್ಸಿಂಗೆನ್. ಹೊಕೆನ್‌ಹೈಮಿನಲ್ಲಿ ೧೯೩೨ರಲ್ಲಿ ಮೋಟಾರು ಪಂದ್ಯದ ಹಾದಿ ಕಟ್ಟಿದರು. ಗಂಟೆಗೆ ಹದಿನಾರು ಕಿಲೋಮೀಟರಿನ ಬಂಡಿ ಹೋದ ಮಗ್ಗುಲಲ್ಲಿಯೇ. ಷ್ವೆಟ್ಸಿಂಗೆನ್ನಿನ ಅರಮನೆಗೆ ೧೭೬೩ರಲ್ಲಿ ಲಿಯೋಪೋಲ್ಡ್ ಮೊಜಾರ್ಟ್ ಎಂಬ ತಂದೆ ಏಳು ವರ್ಷದ ಮಗನನ್ನು ಕುದುರೆಗಾಡಿಯಲ್ಲಿ ಕರೆತಂದು ಅರಸನ ಮುಂದೆ ವಾದ್ಯ ನುಡಿಸಿಸಿದ್ದನು. ಆ ಹಾದಿಗಳಲ್ಲಿ ಮಕ್ಕಳನ್ನು ಕರೆದುಕೊಂಡು ಲೋಕಕ್ಕೆ ಏನನ್ನೋ ತೋರಿಸಲು ಹೊರಟವರಲ್ಲಿ ಬರ್ತಾ ಮೊದಲಿಗಳೇನಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಗಂಡನಿಗೆ ಕೊಟ್ಟ ವರದಿ ಯಾವ ಎಂಜಿನಿಯರನ ವರದಿಗೂ ಕಡಮೆಯದಾಗಿರಲಿಲ್ಲ. ಏರನ್ನು ಹತ್ತಲು ಇನ್ನೊಂದು ಗೇರು ಬೇಕು, ಬ್ರೇಕಿಗೆ ತೊಗಲು ಬೇಕು. ಕಾರ್ಲ್ ಎರಡನ್ನೂ ಮಾಡಿದನು. ಮರುತಿಂಗಳೇ ಮ್ಯೂನಿಕ್ ನಗರದ ಯಂತ್ರ ಪ್ರದರ್ಶನದಲ್ಲಿ ಬಂಡಿಯನ್ನು ಬೀದಿಯಲ್ಲಿ ಓಡಿಸಿ ತೋರಿಸಿ ಚಿನ್ನದ ಪದಕವನ್ನು ಪಡೆದನು. ಹಾಗೆಂದು ಒಂದೇ ದಿನದಲ್ಲಿ ಹಣದ ಮಳೆ ಸುರಿಯಿತೆಂದು ಭಾವಿಸಬಾರದು. ಮೊದಲ ಗಿರಾಕಿಗಳು ಬಹುಮಟ್ಟಿಗೆ ಫ್ರಾನ್ಸಿನವರು. ಸ್ವದೇಶದವರ ಕಣ್ಣು ತೆರೆಯಲು ಇನ್ನೂ ಕಾಲ ಬೇಕಾಯಿತು. ಆದರೆ ೧೮೯೯ರ ವೇಳೆಗೆ ಆ ಕಾರ್ಖಾನೆ ವರ್ಷಕ್ಕೆ ೫೭೨ ಮೋಟಾರುಗಳನ್ನು ಮಾಡುತ್ತ ಜಗತ್ತಿನಲ್ಲಿಯೇ ದೊಡ್ಡದೆನಿಸಿತು. ೧೯೦೩ರಲ್ಲಿ ಕಾರ್ಲ್ ಪಾಲುಗಾರರೊಡನೆ ಮನಸ್ತಾಪ ಬಂದು ಅಲ್ಲಿಂದ ಹೊರಬಂದನು. ಬಳಿಕ ಲಾಡೆನ್‌ಬುರ್ಗಿನಲ್ಲಿ, ಅಂದು ನೀರು ಹೊತ್ತು ಬಂಡಿ ತಳ್ಳಿದ್ದ ಹಿರಿಯ ಮಗ ಓಯ್ಗೆನನೊಡನೆ ಸೇರಿ ಬೇರೆ ಕಾರ್ಖಾನೆಯನ್ನು ತೆರೆದನು. ೧೯೨೯ರ ಏಪ್ರಿಲ್ ೪ರಂದು ಅಲ್ಲಿಯೇ ತೀರಿಕೊಂಡನು.

ಆ ಹೋಗಿಬರುವ ಹಾದಿಯನ್ನು ೨೦೦೮ರಲ್ಲಿ ಬರ್ತಾ ಬೆಂಜಳ ಹೆಸರಿನಲ್ಲಿ ಸ್ಮಾರಕಮಾರ್ಗವೆಂದು ಗುರುತಿಸಿದ್ದಾರೆ. ಒಟ್ಟು ೧೯೪ ಕಿಲೋಮೀಟರು. ಸಂಸಾರ ಸಮೇತರಾಗಿ ಒಂದೇ ದಿನದಲ್ಲಿ ಹೋಗಿ ಬರಬಹುದು. ಕೆಟ್ಟು ನಿಲ್ಲುವ ಭಯವಿಲ್ಲ, ಏರಿನಲ್ಲಿ 'ಮಕ್ಕಳೇ ಇಳಿಯಿರಿ' ಎನ್ನಬೇಕಾಗಿಲ್ಲ.

ಬರ್ತಾ ದೀರ್ಘಾಯುಷಿ. ಆಕೆಯ ತೊಂಬತ್ತೈದನೆಯ ಹುಟ್ಟುಹಬ್ಬದಂದು, ೧೯೪೪ರ ಮೇ ೩ರಂದು, ಗಂಡನು ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯದವರು ಆಕೆಗೆ ಗೌರವ ಸೆನೆಟರ್ ಪದವಿಯನ್ನು ಅರ್ಪಿಸಿದರು. ಎರಡು ದಿನದ ಮೇಲೆ ಆಕೆ ಕಣ್ಣು ಮುಚ್ಚಿದಳು. ಮುಂದಿನ ವರ್ಷ ಫೆಬ್ರವರಿ ೨೩ರ ರಾತ್ರಿ ಫೋರ್ಟ್ಸ್‌ಹೈಮಿನ ಮೇಲೆ ಬ್ರಿಟಿಷ್ ವಿಮಾನಗಳಿಂದ ಬಾಂಬು ಸುರಿಯಿತು. ಚಿನ್ನದ ಕೆಲಸಕ್ಕೆ ೧೭೬೭ರಿಂದ ಹೆಸರಾಗಿದ್ದ ಆ ಊರಿನಲ್ಲಿ ಅರ್ಧ ಗಂಟೆಯೊಳಗೆ ಹದಿನೇಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಂದು ವಾರ ಕಳೆಯುವುದರೊಳಗೆ, ಮಾರ್ಚ್ ೧ರಂದು, ಬ್ರುಖ್‌ಸಾಲಿನ ಅರಮನೆಯೂ ಉರಿಯಿತು. ಮುಂದೆ ಅದನ್ನು ಮತ್ತೆ ಕಟ್ಟಿದರು. ತನ್ನ ತವರು ಬೂದಿಯಾದುದನ್ನು ಬರ್ತಾ ನೋಡಲಿಲ್ಲ. ಮಕ್ಕಳಿಬ್ಬರೂ ಆಗ ಇದ್ದರು. ಓಯ್ಗೆನನಿಗೆ ಎಪ್ಪತ್ತೊಂದು, ರಿಚರ್ಡನಿಗೆ ಎಪ್ಪತ್ತು.